ಘಟದ ಬಾಯಿ, ಕಿವಿಯ ಬಟ್ಟಲು

(ಸಂಗೀತಾಸಕ್ತರ ಸಣ್ಣ ಬಳಗವೊಂದರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎರಡೂ ಅಂಗೈಗಳನ್ನು ಬಟ್ಟಲಿನಂತೆ ಬಾಗಿಸಿ ಕಿವಿಗಳ ಮೇಲೆ ಒತ್ತಿ ಹಿಡಿಯಿರಿ. ಫ್ಯಾನಿನ ಸದ್ದು ದೂರ ಸರಿಯಿತು, ಅದರ ಜಾಗದಲ್ಲಿ ಒಂದು ಗುಂಯ್ ಎನ್ನುವ ನಾದ ತುಂಬಿಕೊಂಡಿತು, ಅಲ್ಲವೇ? ಈಗ ಒಂದು ಕಿರುಬೆರಳನ್ನು ಮಾತ್ರ ಸ್ವಲ್ಪ ಎತ್ತಿ. ಕೈ ಅಲ್ಲೇ ಇದೆ, ಕಿವಿ ಅಲ್ಲೇ ಇದೆ. ಆದರೂ ಒಳಗಿನ ನಾದ ತೆಳುವಾಯಿತು, ಹೊರಗಿನದು ನುಗ್ಗಿ ಬಂತು. ಈ ಒಂದು ಬೆರಳಿನ ಸಂದಿಯ ಬಗ್ಗೆಯೇ ನಾನು ಇವತ್ತು ಮಾತನಾಡುವುದು.

ನನ್ನ ಕೆಲಸ ಹಳೆಯ ಕಛೇರಿಗಳ ಸ್ಪೂಲ್ ಟೇಪು, ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಗೊರಗೊರ ತೆಗೆದು, ಕೇಳುವಂತೆ ಮಾಡುವುದು. ದಿನಕ್ಕೆ ಐದಾರು ಗಂಟೆ ಹೆಡ್‌ಫೋನ್ ತಲೆಯ ಮೇಲಿರುತ್ತದೆ. ಕೆಲಸದ ಕೋಣೆ ಮನೆಯೊಳಗೇ ಇದೆ. ಒಂದು ಗೋಡೆಯಾಚೆ ಕುಕ್ಕರ್ ಕೂಗುತ್ತದೆ, ಇನ್ನೊಂದು ಗೋಡೆಯಾಚೆ ಟೈಲ್ಸ್ ಕೊಯ್ಯುವ ಯಂತ್ರ. ಇಂಥ ಮನೆಯಲ್ಲಿ ಬೆನ್ನು ತೆರೆದ, ಅಂದರೆ ಬಟ್ಟಲಿನ ಹೊರಬದಿ ಗಾಳಿಯಾಡುವಂತಿರುವ ಹೆಡ್‌ಫೋನ್ ಹಾಕಿ ತಂಬೂರಿಯ ಜೀವಾಳ (ತಂತಿಯಡಿ ಎಳೆ ಇಟ್ಟಾಗ ಏಳುವ ಝೇಂಕಾರ) ಕೇಳುವುದು ಸಂತೆಯಲ್ಲಿ ಕೂತು ಧ್ಯಾನ ಮಾಡಿದ ಹಾಗೆ. ಆದ್ದರಿಂದ ಬೆನ್ನು ಮುಚ್ಚಿದ ಹೆಡ್‌ಫೋನೇ ನನ್ನ ಉಪಕರಣ. ಇಂಗ್ಲಿಷಿನಲ್ಲಿ ಇವನ್ನು ಕ್ಲೋಸ್ಡ್ ಬ್ಯಾಕ್ ಎನ್ನುತ್ತಾರೆ. ನಾನು ಮುಚ್ಚಿದ ಹೆಡ್‌ಫೋನ್ ಎನ್ನುತ್ತೇನೆ.

ಇವನ್ನು ಹೋಲಿಸುವವರು ಸಾಮಾನ್ಯವಾಗಿ ಎರಡು ಅಂಕಪಟ್ಟಿ ಹಾಕುತ್ತಾರೆ, ನಾದಕ್ಕೆ ಇಷ್ಟು, ಹಿತಕ್ಕೆ ಇಷ್ಟು ಎಂದು. ಹಲವು ವರ್ಷ ನಾನೂ ಹಾಗೇ ಮಾಡಿದೆ. ಈಗ ನನಗೆ ಮನವರಿಕೆಯಾಗಿರುವುದು ಬೇರೆ. ಮುಚ್ಚಿದ ಹೆಡ್‌ಫೋನಿನಲ್ಲಿ ಹಿತವೂ ನಾದವೂ ಎರಡಲ್ಲ. ನಿಮ್ಮ ಕೆನ್ನೆ, ದವಡೆ, ಕೂದಲು, ಕನ್ನಡಕ ಇವೆಲ್ಲ ಆ ವಾದ್ಯದ ಭಾಗಗಳು. ಅದು ಕಾರ್ಖಾನೆಯಲ್ಲಿ ಮುಕ್ಕಾಲು ತಯಾರಾಗುತ್ತದೆ, ಉಳಿದ ಕಾಲು ಭಾಗ ನಿಮ್ಮ ತಲೆಯ ಮೇಲೆ ತಯಾರಾಗುತ್ತದೆ.

ಇದು ಏಕೆ ಹಾಗೆ ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂದು ನೋಡಬೇಕು. ಹೆಡ್‌ಫೋನಿನ ಜೀವ ಒಂದು ತೆಳುವಾದ ಪೊರೆ. ಅದು ಕಿವಿಯ ಕಡೆಗೆ ಚಲಿಸಿದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಅದೇ ಕ್ಷಣ ಬೆನ್ನಿನ ಗಾಳಿಯನ್ನು ಸೆಳೆಯುತ್ತದೆ. ಅಂದರೆ ಪ್ರತಿ ಸ್ವರವೂ ಜೋಡಿಯಾಗಿಯೇ ಹುಟ್ಟುತ್ತದೆ, ಮುಂದೊಂದು, ಹಿಂದೆ ಅದರ ತಲೆಕೆಳಗಾದ ಪ್ರತಿ. ಬೆನ್ನು ತೆರೆದ ಹೆಡ್‌ಫೋನಿನಲ್ಲಿ ಹಿಂದಿನದು ಕೋಣೆಗೆ ಹೊರಟುಹೋಗುತ್ತದೆ. ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ತಂದ ಎಚ್‌ಡಿ 414 ಈ ದಾರಿಯನ್ನು ಜನಪ್ರಿಯಗೊಳಿಸಿತು. ಅದಕ್ಕೂ ಮೊದಲಿನ ಹೆಡ್‌ಫೋನುಗಳು, 1937ರ ಬೇಯರ್‌ಡೈನಾಮಿಕ್ ಡಿಟಿ 48 ಆಗಲಿ, 1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ ತಂದ ಸ್ಟೀರಿಯೊ ಹೆಡ್‌ಫೋನ್ ಆಗಲಿ, ಮುಚ್ಚಿದ ಬಟ್ಟಲುಗಳೇ.

ಮುಚ್ಚಿದ ಬಟ್ಟಲಿನಲ್ಲಿ ಹಿಂದಿನ ನಾದಕ್ಕೆ ಹೋಗಲು ಜಾಗವಿಲ್ಲ. ಗೋಡೆಗೆ ಬಡಿದು ವಾಪಸು ಬರುತ್ತದೆ, ಪೊರೆಯನ್ನು ಹಾಯ್ದು ಕಿವಿಗೂ ಬರುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಬಟ್ಟಲಿನೊಳಗೆ ಎದುರುಬದುರು ಗೋಡೆಗಳ ನಡುವೆ 4 ಸೆಂಟಿಮೀಟರ್ ಇದ್ದರೆ, ಅಲ್ಲಿ ಅರ್ಧ ಅಲೆ ಸರಿಯಾಗಿ ಕೂರುವುದು ಸುಮಾರು 4,300 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 4,300 ಕಂಪನಗಳಲ್ಲಿ. ಆ ಎತ್ತರದ ನಾದ ಬಟ್ಟಲಿನಲ್ಲಿ ಅತಿಯಾಗಿ ಮೊಳಗುತ್ತದೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವ ವಲಯವೂ ಅದೇ. ವೀಣೆಯ ಮೀಟು, ಪಿಟೀಲಿನ ಕಮಾನು ತಂತಿಗೆ ತಾಗುವ ಗೀರು, ಹಾಡುವವರ ವ್ಯಂಜನಗಳು ಎಲ್ಲವೂ ಅಲ್ಲಿರುತ್ತವೆ. ಬಟ್ಟಲು ಸರಿಯಿಲ್ಲದಿದ್ದರೆ ಹಾಡು ಡಬ್ಬದೊಳಗಿಂದ ಬಂದಂತೆ ಕೇಳಿಸುವುದು ಇದರಿಂದಲೇ. ಬಟ್ಟಲಿನ ಒಳಗೆ ಉಣ್ಣೆ, ಫೋಮ್ ತುಂಬುವುದು, ಗೋಡೆಗಳನ್ನು ಸಮಾನಾಂತರ ಇಡದಿರುವುದು, ಮರವನ್ನು ಕೆತ್ತುವುದು ಎಲ್ಲವೂ ಈ ಒಂದು ತೊಂದರೆಗೆ ಮದ್ದು.

ಆದರೆ ಅದು ಬೆನ್ನಿನ ಕಥೆ. ಮುಂದಿನ ಕಥೆ, ಅಂದರೆ ಪೊರೆ ಮತ್ತು ಕಿವಿಯ ನಡುವಿನ ಪುಟ್ಟ ಕೋಣೆಯ ಕಥೆ, ನಮ್ಮ ಕೈಯಲ್ಲಿದೆ. ಇದನ್ನು ವಿವರಿಸಲು ನಮ್ಮ ಘಟಕ್ಕಿಂತ ಒಳ್ಳೆಯ ಗುರು ಇಲ್ಲ.

ಘಟವಾದಕರು ಮಡಕೆಯ ಬಾಯಿಯನ್ನು ತಮ್ಮ ಹೊಟ್ಟೆಯ ಕಡೆಗೆ ಇಟ್ಟುಕೊಳ್ಳುತ್ತಾರೆ. ಗಮನವಿಟ್ಟು ನೋಡಿ. ನುಡಿಸುತ್ತ ನುಡಿಸುತ್ತ ಅವರು ಮಡಕೆಯನ್ನು ಹೊಟ್ಟೆಗೆ ಒತ್ತುತ್ತಾರೆ, ಸಡಿಲಿಸುತ್ತಾರೆ. ಪೆಟ್ಟು ಒಂದೇ, ಮಡಕೆ ಒಂದೇ, ಆದರೆ ಬಾಯಿಗೂ ಹೊಟ್ಟೆಗೂ ನಡುವಿನ ಸಂದಿ ಬದಲಾದಂತೆ ಮಡಕೆಯೊಳಗಿನ ಗಾಳಿಯ ಆಳದ ಧ್ವನಿ ಮೇಲೆ ಕೆಳಗೆ ಜಾರುತ್ತದೆ. ವಾದಕರ ಮೈಯೇ ವಾದ್ಯದ ಮುಚ್ಚಳ. ಮುಚ್ಚಿದ ಹೆಡ್‌ಫೋನಿನಲ್ಲಿ ನಿಮ್ಮ ಕೆನ್ನೆಯ ಚರ್ಮವೇ ಆ ಮುಚ್ಚಳ. ಬಟ್ಟಲಿನ ಅಂಚಿನ ಮೆತ್ತೆ, ಅಂದರೆ ಪ್ಯಾಡ್, ಸುತ್ತಲೂ ಸರಿಯಾಗಿ ಕೂತರೆ ಪೊರೆ ಒತ್ತಿದ ಗಾಳಿ ಎಲ್ಲಿಗೂ ಹೋಗದೆ ಕಿವಿಯ ತಮಟೆಯನ್ನೇ ಒತ್ತುತ್ತದೆ, ಮಂದ್ರಸ್ವರಗಳು ಮೈತುಂಬಿ ಬರುತ್ತವೆ. ಎಲ್ಲಾದರೂ ಸಂದಿ ಬಿದ್ದರೆ ಮೊದಲು ಸೋರಿಹೋಗುವುದು ಅತಿ ಕೆಳಗಿನ ಸ್ವರಗಳು. ಮಧ್ಯ, ತಾರ ಸ್ಥಾಯಿಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಅದರಿಂದಲೇ ನಮಗೆ ಸೋರಿದ್ದು ಗೊತ್ತಾಗುವುದಿಲ್ಲ, ಹಾಡು ಕೇಳಿಸುತ್ತಲೇ ಇರುತ್ತದಲ್ಲ!

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಮೃದಂಗ ವಿದ್ವಾಂಸರ ಮನೆಯವರು ಅವರ ಹಳೆಯ ಮುದ್ರಣಗಳ ಒಂದು ಪೆಟ್ಟಿಗೆ ಕೊಟ್ಟಿದ್ದರು. ಮೊದಲ ಮೂರು ಟೇಪು ಸಲೀಸಾಗಿ ಮುಗಿದವು. ನಾಲ್ಕನೆಯದರಿಂದ ಮುಂದೆ ಎಡಗೈ ಪೆಟ್ಟು ಸತ್ತುಹೋದಂತೆ ಕೇಳತೊಡಗಿತು. ರವೆಯ ಅಂಟು ಹಚ್ಚಿದ ಎಡಭಾಗದ ಗುಮಕಿ, ಆ ಉಬ್ಬಿ ಏಳುವ ಗುಂಕಾರ, ಇರಲೇ ಇಲ್ಲ. ಟೇಪು ಹಾಳಾಗಿದೆ ಎಂದುಕೊಂಡು ನಾನು ವಾರವಿಡೀ ಕೆಳಗಿನ ಸ್ವರಗಳನ್ನು ಏರಿಸುತ್ತ ಕೂತೆ. ಅವರ ಮನೆಯಲ್ಲಿ ಸ್ಪೀಕರಿನಲ್ಲಿ ಹಾಕಿದಾಗ ಎಡಭಾಗ ಗುಡುಗಿನಂತೆ ಬಂತು, ಗಾಯನ ಅದರಡಿ ಹೂತುಹೋಯಿತು. ಆ ಮನೆಯ ಅಜ್ಜಿ "ಅವರ ಕೈ ಹೀಗಿರಲಿಲ್ಲಪ್ಪಾ" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಟೇಪಿನಲ್ಲಿ ಏನೂ ದೋಷವಿರಲಿಲ್ಲ. ಮೂರನೆಯ ಟೇಪಿಗೂ ನಾಲ್ಕನೆಯದಕ್ಕೂ ನಡುವೆ ನಾನು ಕನ್ನಡಕ ಬದಲಿಸಿದ್ದೆ. ಹಳೆಯದರ ಕಡ್ಡಿ ತಂತಿಯಷ್ಟು ತೆಳು, ಹೊಸದರದು ಅಗಲವಾದ ಪ್ಲಾಸ್ಟಿಕ್. ಕಿವಿಯ ಮುಂದೆ, ಕಪಾಳದ ಮೇಲೆ, ಆ ಕಡ್ಡಿ ಪ್ಯಾಡನ್ನು ಎರಡು ಕಡೆ ಎತ್ತಿ ಹಿಡಿದಿತ್ತು. ಅಕ್ಕಿಕಾಳು ತೂರುವಷ್ಟು ಸಂದಿ, ಅಷ್ಟೇ. ಕನ್ನಡಕ ತೆಗೆದು ಅದೇ ಟೇಪು ಕೇಳಿದೆ. ಎಡಗೈ ಎದ್ದು ಬಂತು. ಇಡೀ ಪೆಟ್ಟಿಗೆಯನ್ನು ಮೊದಲಿನಿಂದ ಮಾಡಿಕೊಟ್ಟೆ. ಅಂದಿನಿಂದ ಯಾವ ಹೆಡ್‌ಫೋನ್ ಕೈಗೆ ಬಂದರೂ ಮೊದಲ ಪರೀಕ್ಷೆ ಇದೇ. ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ, ಆಮೇಲೆ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಇನ್ನೊಮ್ಮೆ. ಈ ಮೂರರ ನಡುವೆ ಮಂದ್ರ ಹೆಚ್ಚು ಬದಲಾದರೆ ಆ ಹೆಡ್‌ಫೋನ್ ಎಷ್ಟೇ ಕೀರ್ತಿವಂತವಾಗಿದ್ದರೂ ನಿಮ್ಮ ತಲೆಗೆ ಹೊಂದುವುದಿಲ್ಲ.

ಪರೀಕ್ಷೆಗೆ ಯಾವ ನಾದ ಬಳಸಬೇಕು? ಹಲವರು ತಂಬೂರಿ ಹಾಕಿ ನೋಡುತ್ತಾರೆ. ಅದು ಸಾಲದು. ಒಂದು ಮನೆ ಶ್ರುತಿಯ (ಹಾರ್ಮೋನಿಯಂನ ಮೊದಲ ಬಿಳಿ ಮನೆಗೆ ಹೊಂದಿಸಿದ) ತಂಬೂರಿಯ ಮಂದ್ರ ತಂತಿ ಸುಮಾರು 65 ಹರ್ಟ್ಸ್ ಇರುತ್ತದೆ, ನಿಜ. ಆದರೆ ತಂತಿಗಳನ್ನು ಹೊರುವ ತಂಬೂರಿಯ ಕುದುರೆಯೂ ಅದರ ಮೇಲಿನ ಜೀವಾಳದ ಎಳೆಯೂ ಸೇರಿ ಉಪಸ್ವರಗಳನ್ನು, ಅಂದರೆ ಮೂಲಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳನ್ನು, ಧಾರಾಳವಾಗಿ ಎಬ್ಬಿಸುತ್ತವೆ. ಆ ಉಪಸ್ವರಗಳ ಸಾಲು ಕೇಳಿದರೆ ಸಾಕು, ಮೂಲಸ್ವರ ದುರ್ಬಲವಾಗಿದ್ದರೂ ನಮ್ಮ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಸೋರುವ ಹೆಡ್‌ಫೋನಿನಲ್ಲೂ ತಂಬೂರಿ ಪೂರ್ಣವಾಗಿಯೇ ಕೇಳಿಸುವುದು ಇದರಿಂದ. ನಮ್ಮ ವಾದ್ಯಗಳ ಈ ಗುಣಗಳನ್ನು ಸಿ. ವಿ. ರಾಮನ್ ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದರು. 1921ರಲ್ಲಿ ತಂಬೂರಿ, ವೀಣೆಗಳ ಕುದುರೆಯ ಬಗ್ಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಮೃದಂಗದ ಬಲಭಾಗಕ್ಕೆ ಮೆತ್ತುವ ಕರಣೆಯಿಂದಾಗಿ (ನಡುವಿನ ಕರಿ ಲೇಪದಿಂದಾಗಿ) ಚರ್ಮದ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬಂತೆ ಕ್ರಮಕ್ಕೆ ಬರುತ್ತವೆ, ಅದಕ್ಕೇ ಅದು ಬರಿಯ ಸದ್ದಾಗದೆ ಶ್ರುತಿ ಹಿಡಿಯುತ್ತದೆ ಎಂದು ತೋರಿಸಿದ್ದು ಅವರ ಕೆಲಸ. ಇದನ್ನು ನೆನೆದಾಗಲೆಲ್ಲ ನನಗೆ ಅಭಿಮಾನ ಉಕ್ಕುತ್ತದೆ. ಪೊರೆ, ಅದರ ಹಿಂದೆ ಮುಚ್ಚಿದ ಗಾಳಿ, ಅದರ ಮೇಲೆ ಅಳತೆಯರಿತು ಹಚ್ಚಿದ ಭಾರ. ಈಗಿನ ಹೆಡ್‌ಫೋನ್ ಎಂಜಿನಿಯರುಗಳು ತಲೆಕೆಡಿಸಿಕೊಳ್ಳುವ ವಿಷಯಗಳನ್ನೇ ನಮ್ಮ ಮೃದಂಗ ಕಟ್ಟುವವರು ಬೆರಳ ತುದಿಯಲ್ಲಿ ಬಲ್ಲರು.

ಆದ್ದರಿಂದ ಮೃದಂಗದ ಎರಡೂ ಕಡೆ ನನ್ನ ಅಳತೆಗೋಲು. ಎಡಭಾಗ ಪ್ಯಾಡಿನ ಸಂದಿಯನ್ನು ತೋರಿಸಿಕೊಡುತ್ತದೆ, ಬಲಭಾಗ ಬಟ್ಟಲಿನ ಒಳಗೋಡೆಯನ್ನು. ಬಲದ ಪೆಟ್ಟಿನ ಉಪಸ್ವರಗಳಲ್ಲಿ ಒಂದು ಮಾತ್ರ ಹೆಚ್ಚಾಗಿ ಮಿಂಚಿದರೆ ಬಟ್ಟಲು ಅಲ್ಲಿ ತನ್ನ ದನಿ ಸೇರಿಸುತ್ತಿದೆ ಎಂದು ತಿಳಿಯಬೇಕು. ಮೂರನೆಯ ಅಳತೆಗೋಲು ನಮ್ಮ ಭಾಷೆಯೇ ಕೊಟ್ಟದ್ದು, ಸಕಾರ ಮತ್ತು ಶಕಾರ. ಸಕಾರದ ಸೀಳು ಶಕಾರಕ್ಕಿಂತ ಮೇಲಿನ ಸ್ಥಾಯಿಯಲ್ಲಿರುತ್ತದೆ. ಒಂದೇ ಸಾಲಿನಲ್ಲಿ ಎರಡೂ ಬರುವ ಯಾವುದಾದರೂ ಕೀರ್ತನೆಯನ್ನು ಆರಿಸಿಕೊಳ್ಳಿ. ಹಾಡುವವರು ಎರಡನ್ನೂ ಸಮನಾಗಿ ಉಚ್ಚರಿಸಿದ್ದರೂ ಒಂದು ಹೆಡ್‌ಫೋನ್ ಸಕಾರವನ್ನು ಚುಚ್ಚುತ್ತದೆ, ಇನ್ನೊಂದು ಶಕಾರವನ್ನು ಎತ್ತಿ ಹಿಡಿಯುತ್ತದೆ.

ಈಗ ಮೇಜಿನ ಮೇಲಿರುವ ನಾಲ್ಕು ಮುಚ್ಚಿದ ಹೆಡ್‌ಫೋನುಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

ಮೊದಲನೆಯದು ಸೋನಿ ಎಂಡಿಆರ್ 7506. 1991ರಿಂದ ಇಂದಿನವರೆಗೆ ಹೆಚ್ಚೇನೂ ಬದಲಾಗದೆ ಬಂದಿರುವ ಉಪಕರಣ. ತಂತಿ ಬಿಟ್ಟು 230 ಗ್ರಾಂ ತೂಕ, 40 ಮಿಲಿಮೀಟರ್ ಡ್ರೈವರ್ (ಪೊರೆಯೂ ಅದನ್ನು ಅಲುಗಿಸುವ ಭಾಗವೂ ಸೇರಿದ್ದು), ವಿದ್ಯುತ್ತಿಗೆ ಒಡ್ಡುವ ತಡೆ 63 ಓಮ್. ಮೊಬೈಲಿನಿಂದಲೂ ಜೋರಾಗಿಯೇ ನುಡಿಯುತ್ತದೆ. ಸುರುಳಿ ತಂತಿ ಎಳೆದಷ್ಟು ಬರುತ್ತದೆ. ಇದರ ಸ್ವಭಾವ ಬೆಳಕು ಚೆಲ್ಲುವುದು. ಮೇಲಿನ ಸ್ಥಾಯಿ ಎದ್ದು ನಿಲ್ಲುವುದರಿಂದ ಟೇಪಿನ ಸುಯ್ಲು, ಮೈಕಿನ ಸಣ್ಣ ಟಕ್ಕು, ಎಲ್ಲೋ ಕೆಮ್ಮಿದವರು, ಯಾರೂ ಇದರಿಂದ ತಪ್ಪಿಸಿಕೊಳ್ಳಲಾರರು. ಚಿತ್ರೀಕರಣದ ಜಾಗದಲ್ಲಿ, ರೇಡಿಯೊ ಸ್ಟುಡಿಯೊಗಳಲ್ಲಿ ಇದು ಅಷ್ಟು ಕಾಲ ಉಳಿದಿರುವುದು ಅದಕ್ಕೆ. ಪ್ಯಾಡ್ ಮಾತ್ರ ತೆಳು. ಕಿವಿ ದೊಡ್ಡದಿರುವವರಿಗೆ ಅರ್ಧ ಗಂಟೆಯಲ್ಲಿ ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗತೊಡಗುತ್ತದೆ. ತಪ್ಪು ಹುಡುಕುವ ಕೆಲಸಕ್ಕೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ, ರಾತ್ರಿ ಊಟವಾದ ಮೇಲೆ ರಾಗ ಕೇಳಲು ಎತ್ತಿಕೊಳ್ಳುವುದಿಲ್ಲ.

ಎರಡನೆಯದು ಜಪಾನಿನದೇ ಆಡಿಯೊ ಟೆಕ್ನಿಕಾ ಎಟಿಎಚ್ ಎಂ50ಎಕ್ಸ್. 2007ರ ಎಂ50ಕ್ಕೆ ಬಿಚ್ಚಿ ಹಾಕುವ ತಂತಿ ಸೇರಿಸಿ 2014ರಲ್ಲಿ ತಂದದ್ದು. 45 ಮಿಲಿಮೀಟರ್ ಡ್ರೈವರ್, 285 ಗ್ರಾಂ. ಮಂದ್ರವೂ ತಾರವೂ ಮುಂದೆ ಬಂದು, ನಡುವಿನ ಗಾಯನ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತದೆ. ಸಿನಿಮಾ ಹಾಡಿಗೆ ಹುರುಪು ಕೊಡುವ ಗುಣ ಇದು. ವಿಳಂಬ ಕಾಲದ ಆಲಾಪನೆಗೆ ನನಗೆ ಅಷ್ಟು ಒಗ್ಗುವುದಿಲ್ಲ. ಹಿಡಿತ ಬಿಗಿ.

ಮೂರನೆಯದರ ಬಳಿ ಸ್ವಲ್ಪ ನಿಲ್ಲಬೇಕು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ. ಜರ್ಮನಿಯ ಹೈಲ್‌ಬ್ರಾನ್ ಊರಿನ ಸಂಸ್ಥೆ. ಈ ಕುಟುಂಬ 1980ರ ದಶಕದಿಂದ ನಡೆದು ಬಂದಿದೆ. ಒಂದೇ ಹೆಸರಿನಲ್ಲಿ 32, 80, 250 ಓಮ್ ಎಂದು ಬೇರೆ ಬೇರೆ ಮಾದರಿಗಳಿವೆ. 250 ಓಮ್ ಮಾದರಿಯನ್ನು ನೇರವಾಗಿ ಮೊಬೈಲಿಗೆ ಚುಚ್ಚಿದರೆ ದನಿ ಮೆತ್ತಗಾಗುತ್ತದೆ, ಅದಕ್ಕೊಂದು ಆಂಪ್ಲಿಫೈಯರ್ ಬೇಕು. ತೂಕ 270 ಗ್ರಾಂ, ತಲೆಯನ್ನು ಒತ್ತುವ ಬಲ ಸುಮಾರು 3.5 ನ್ಯೂಟನ್ ಎಂದು ಸಂಸ್ಥೆಯೇ ಹೇಳುತ್ತದೆ. ಒಂದು ಬಲಿತ ತೆಂಗಿನಕಾಯಿಗಿಂತ ಹಗುರವಾದ ಭಾರವನ್ನು ಕೆನ್ನೆಗೆ ಆನಿಸಿ ಇಟ್ಟ ಹಾಗೆ. ಅದು ಮೃದು ಅನ್ನಿಸುವುದು ದುಂಡನೆಯ ದೊಡ್ಡ ಪ್ಯಾಡಿನ ಮೇಲೆ ಹರಡಿಕೊಳ್ಳುವುದರಿಂದ. 80 ಮತ್ತು 250 ಓಮ್ ಮಾದರಿಗಳಲ್ಲಿ ಈ ಪ್ಯಾಡು ಬೂದು ಬಣ್ಣದ ಮಖಮಲ್ಲು. ಬೆವರು ಅದರಲ್ಲಿ ಅಂಟುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಕೂತು ಕೆಲಸ ಮಾಡಿದವರಿಗೆ ಈ ಮಾತಿನ ಬೆಲೆ ಗೊತ್ತು. ಮಖಮಲ್ಲು ಚರ್ಮದಷ್ಟು ಗಾಳಿ ತಡೆಯದು. ಹಾಗಿದ್ದೂ ಇದರ ಮಂದ್ರ ಉಳಿಯುವುದು ಬಟ್ಟಲಿನಲ್ಲಿ ಅಳತೆಯರಿತು ಕೊರೆದ ಗಾಳಿಕಿಂಡಿಯನ್ನೂ ಲೆಕ್ಕಕ್ಕೆ ಹಿಡಿದು ಇಡೀ ವಿನ್ಯಾಸ ಮಾಡಿರುವುದರಿಂದ. ನಾಲ್ಕರಲ್ಲಿ ನನ್ನ ದಪ್ಪ ಕಡ್ಡಿಯ ಕನ್ನಡಕವನ್ನು ಚೆನ್ನಾಗಿ ಸಹಿಸಿದ್ದು ಇದೇ.

ಇದರ ತೊಡಕು ಮೇಲಿದೆ. 8,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಏರು. ಅದು ಸಕಾರದ ಮನೆ. ಶಕಾರ ಸುಮ್ಮನಿರುತ್ತದೆ, ಸಕಾರ ಸೂಜಿಯಾಗುತ್ತದೆ. ಯಕ್ಷಗಾನದ ಮುದ್ರಣದಲ್ಲಿ ಜಾಗಟೆಯ ಅಂಚು, ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಚಟಕ್ಕು ಬೇಕಿದ್ದಕ್ಕಿಂತ ಹೊಳೆಯುತ್ತವೆ. ಭಾಗವತರ ಪದ ಶುರುವಾದಾಗ ಹಿತವೆನಿಸಿದ್ದು ಏರುಪದಕ್ಕೆ ಬರುವ ಹೊತ್ತಿಗೆ ದಣಿವಾಗುತ್ತದೆ. ಇಲ್ಲಿ ನೋಡಿ, ತಲೆಗೆ ಹಿತ, ಕಿವಿಗೆ ದಣಿವು. ಕಂಪ್ಯೂಟರಿನಲ್ಲಿ ಈಕ್ವಲೈಜರ್ (ಬೇಕಾದ ಸ್ಥಾಯಿಯನ್ನು ಏರಿಸಿ ಇಳಿಸುವ ಸಾಧನ) ಹಾಕಿ ಆ ಜಾಗವನ್ನು ನಾಲ್ಕೈದು ಡೆಸಿಬೆಲ್ ಇಳಿಸಿದರೆ ಇದು ಬೇರೆಯೇ ಹೆಡ್‌ಫೋನ್ ಆಗುತ್ತದೆ. ನಾನು ಹಾಗೇ ಬಳಸುತ್ತೇನೆ. ಇದರ ಪ್ರತಿ ಭಾಗವೂ ಬಿಡಿಯಾಗಿ ಸಿಗುತ್ತದೆ ಎನ್ನುವುದು ಇನ್ನೊಂದು ದೊಡ್ಡ ಗುಣ.

ನಾಲ್ಕನೆಯದು ಎಕೆಜಿ ಕೆ371, 2019ರದು. ಇದರ ಹಿಂದೆ ಒಂದು ಸಂಶೋಧನೆಯ ಕಥೆ ಇದೆ. ಎಕೆಜಿಯ ಮಾತೃಸಂಸ್ಥೆಯಾದ ಹಾರ್ಮನ್‌ನಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದವರು 2010ರ ದಶಕದ ಆರಂಭದಿಂದ ಕೇಳುಗರನ್ನು ಕೂರಿಸಿ ಒಂದು ಪ್ರಶ್ನೆ ಕೇಳುತ್ತ ಬಂದರು. ಹೆಡ್‌ಫೋನ್ ಯಾವ ರೀತಿ ನುಡಿದರೆ ಹೆಚ್ಚು ಜನರಿಗೆ ಇಷ್ಟ? ಸಿಕ್ಕ ಉತ್ತರ ಸರಳವಾಗಿತ್ತು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಹೇಗೆ ಕೇಳಿಸುತ್ತದೋ ಅದಕ್ಕೆ ಹತ್ತಿರವಾಗಿ ನುಡಿದರೆ ಇಷ್ಟ. ಬರಿಗಿವಿಯ ಆಕಾರವೇ 3,000 ಹರ್ಟ್ಸ್ ಸುತ್ತ ನಾದವನ್ನು ಎತ್ತಿ ಕೊಡುತ್ತದೆ. ಹೆಡ್‌ಫೋನೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು, ಕೆಳಗೆ ಕೋಣೆ ಕೊಡುವ ತುಂಬುತನವನ್ನೂ ಸೇರಿಸಬೇಕು. ಕೆ371 ಆ ರೇಖೆಗೆ ಬಹಳ ಹತ್ತಿರ ನಡೆಯುತ್ತದೆ. ಗಾಯನ ತನ್ನ ಜಾಗದಲ್ಲಿ ನಿಲ್ಲುತ್ತದೆ, ಪಿಟೀಲು ಪಕ್ಕದಲ್ಲಿ, ಮೃದಂಗ ಕೆಳಗೆ. ಸಕಾರ, ಶಕಾರ ಎರಡೂ ಬಾಯಿಂದ ಬಂದಂತೆಯೇ ಬರುತ್ತವೆ. 255 ಗ್ರಾಂ, ಕಿವಿಯ ಆಕಾರದ್ದೇ ಅಂಡಾಕಾರದ ಪ್ಯಾಡು, 32 ಓಮ್. ಸರಿಯಾಗಿ ಕೂತಾಗ ಈ ನಾಲ್ಕರಲ್ಲಿ ಹಾಡನ್ನು ಹಾಡಾಗಿ ಕೇಳಿಸುವುದು ಇದೇ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

"ಸರಿಯಾಗಿ ಕೂತಾಗ" ಎಂದೆ. ಇದರ ಮಂದ್ರವೆಲ್ಲ ಪ್ಯಾಡಿನ ಬಿಗಿಯ ಮೇಲೆ ನಿಂತಿದೆ. ನನ್ನ ದಪ್ಪ ಕಡ್ಡಿಯ ಕನ್ನಡಕದೊಂದಿಗೆ ಎಡಗೈ ಪೆಟ್ಟು ಅರ್ಧಕ್ಕರ್ಧ ಮಾಯ. ತೆಳು ತಂತಿಯ ಕನ್ನಡಕದೊಂದಿಗೆ ಮುಕ್ಕಾಲು ವಾಪಸು. ಕನ್ನಡಕ ಹಾಕದ ನನ್ನ ಮಗಳ ತಲೆಯ ಮೇಲೆ ಅದೇ ಹೆಡ್‌ಫೋನ್ ತುಂಬು ಮೃದಂಗ. ನಾವಿಬ್ಬರೂ ಒಂದೇ ಹೆಡ್‌ಫೋನಿನ ಬಗ್ಗೆ ಬರೆದರೆ ಓದುವವರು ಇವು ಎರಡು ಬೇರೆ ಬೇರೆ ವಸ್ತುಗಳೆಂದೇ ತಿಳಿಯುತ್ತಾರೆ. ಹೆಡ್‌ಫೋನುಗಳ ಬಗ್ಗೆ ಒಬ್ಬರು ಬರೆದದ್ದಕ್ಕೂ ಇನ್ನೊಬ್ಬರು ಬರೆದದ್ದಕ್ಕೂ ತಾಳಮೇಳ ಇಲ್ಲದಿರುವುದಕ್ಕೆ ಇದು ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಕೆನ್ನೆ ಅವರವರ ಬರಹದಲ್ಲಿ ಸೇರಿದೆ.

ಹಿತದ ವಿಷಯ ಬಂದಾಗ ಎಲ್ಲರೂ ಮೊದಲು ತೂಕ ಕೇಳುತ್ತಾರೆ. ತೂಕಕ್ಕಿಂತ ಅದು ಎಲ್ಲಿ ಇಳಿಯುತ್ತದೆ ಎನ್ನುವುದು ಮುಖ್ಯ. ತಲೆಪಟ್ಟಿಯ ನಡುವೆ ಒಂದೇ ಬಿಂದುವಿನಲ್ಲಿ ಇಳಿದರೆ 250 ಗ್ರಾಂ ಕೂಡ ಒಂದು ಗಂಟೆಗೆ ನೆತ್ತಿಯಲ್ಲಿ ನೋವು ತರುತ್ತದೆ. ಅಗಲವಾದ ಪಟ್ಟಿಯ ಮೇಲೆ ಹರಡಿದರೆ 400 ಗ್ರಾಂ ಸಹ ಹಗುರ. ಎರಡನೆಯದು ಪ್ಯಾಡಿನ ಆಳ, ಕಿವಿಯ ತುದಿ ಎಲ್ಲಿಗೂ ತಾಗಬಾರದು. ಮೂರನೆಯದನ್ನು ಹೊರದೇಶದ ಯಾವ ಪರೀಕ್ಷಕರೂ ಬರೆಯುವುದನ್ನು ನಾನು ಕಂಡಿಲ್ಲ, ಅದು ನಮ್ಮ ಹೆಂಗಸರ ಅನುಭವ. ತುರುಬು ಎತ್ತರದಲ್ಲಿದ್ದರೆ ತಲೆಪಟ್ಟಿ ಮುಂದಕ್ಕೆ ಜಾರಿ ಪ್ಯಾಡಿನ ಹಿಂಭಾಗ ಎದ್ದುಕೊಳ್ಳುತ್ತದೆ. ಜಡೆಯ ಬುಡ ಕಿವಿಯ ಹಿಂದೆ ಸಂದಿ ಮಾಡುತ್ತದೆ. ಓಲೆಯ ತಿರುಪು ಪ್ಯಾಡಿನಡಿ ಸಿಕ್ಕಿ ಚುಚ್ಚುತ್ತದೆ, ಝುಮಕಿಯಾದರೆ ಬಟ್ಟಲಿಗೆ ತಾಗಿ ಕಿಣಿಕಿಣಿ ಎನ್ನುತ್ತದೆ. ಇವನ್ನೆಲ್ಲ ತೆಗೆದಿಟ್ಟು ಕೂರಿ ಎಂದು ಹೇಳುವುದು ಸುಲಭ, ಆದರೆ ದಿನದಲ್ಲಿ ನಾಲ್ಕು ಬಾರಿ ಹೆಡ್‌ಫೋನ್ ಹಾಕಿ ತೆಗೆಯುವವರಿಗೆ ಅದು ಆಗದ ಮಾತು.

ಪ್ಯಾಡಿಗೆ ವಯಸ್ಸಾಗುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳಗಿನ ಫೋಮ್ ಕುಸಿದಂತೆ ಪೊರೆ ಕಿವಿಗೆ ಹತ್ತಿರವಾಗುತ್ತದೆ, ತಾರಸ್ಥಾಯಿಯ ಬಣ್ಣ ಬದಲಾಗುತ್ತದೆ. ನಮ್ಮ ಸೆಖೆಯಲ್ಲಿ ಕೃತಕ ಚರ್ಮ ಎರಡು ಮೂರು ಬೇಸಿಗೆಗೆ ಸುಲಿಯತೊಡಗುತ್ತದೆ, ಕರಿ ಪುಡಿ ಕೆನ್ನೆಗೆ ಮೆತ್ತುತ್ತದೆ, ಬಿರುಕಿನಿಂದ ಮಂದ್ರ ಸೋರುತ್ತದೆ. ಮೃದಂಗದ ಚರ್ಮ ಹಳತಾದರೆ ಬದಲಿಸುತ್ತೇವೆ, ಪಿಟೀಲಿನ ತಂತಿ ಬದಲಿಸುತ್ತೇವೆ. ಪ್ಯಾಡನ್ನೂ ಹಾಗೆಯೇ ನೋಡಬೇಕು. ಬದಲಿಸುವಾಗ ಅದೇ ಬಗೆಯದನ್ನೇ ಹಾಕಬೇಕು. ಚರ್ಮದ ಜಾಗಕ್ಕೆ ಮಖಮಲ್ಲು, ತೆಳುವಿನ ಜಾಗಕ್ಕೆ ದಪ್ಪ ಹಾಕಿದರೆ ನೀವು ಕೊಂಡ ಹೆಡ್‌ಫೋನ್ ಅದಾಗಿ ಉಳಿಯುವುದಿಲ್ಲ.

ದುಬಾರಿಯವುಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಲ್ಲಿ ದುಡ್ಡು ಹೋಗುವುದು ಹೆಚ್ಚಾಗಿ ಆ ಬೆನ್ನಿನ ಅಲೆಯನ್ನು ಪಳಗಿಸುವುದಕ್ಕೆ. ಸೆನ್‌ಹೈಸರ್ 2018ರ ಎಚ್‌ಡಿ 820ರಲ್ಲಿ ಬಾಗಿದ ಗಾಜನ್ನು ಇಟ್ಟು ಹಿಂದಿನ ಅಲೆಯನ್ನು ಬದಿಗೆ ತಿರುಗಿಸಿ ಹೀರಿಸಿತು. ಡ್ಯಾನ್ ಕ್ಲಾರ್ಕ್ ಆಡಿಯೊ 2021ರ ಸ್ಟೆಲ್ತ್‌ನಲ್ಲಿ ಪೊರೆಗೂ ಕಿವಿಗೂ ನಡುವೆ ಜೇನುಗೂಡಿನಂಥ ಸೂಕ್ಷ್ಮ ಕೊಳವೆಗಳ ತಟ್ಟೆ ಇಟ್ಟು ಬಟ್ಟಲಿನೊಳಗೆ ಸಿಕ್ಕಿ ನಿಲ್ಲುವ ಮೇಲಿನ ಸ್ಥಾಯಿಯ ಅಲೆಗಳನ್ನು ಅಡಗಿಸಿತು, ತೂಕ 415 ಗ್ರಾಂ. ಫ್ರಾನ್ಸಿನ ಫೋಕಲ್ 2019ರ ಸ್ಟೆಲಿಯಾದಲ್ಲಿ ಬೆರಿಲಿಯಂ ಪೊರೆ ಬಳಸಿತು, 435 ಗ್ರಾಂ. ಅದರ ಚರ್ಮದ ಪ್ಯಾಡು ಕೆನ್ನೆಗೆ ಬೆಣ್ಣೆಯಂತೆ ಕೂರುತ್ತದೆ, ಮಂದ್ರ ಅಷ್ಟು ದೃಢವಾಗಿರುವುದರಲ್ಲಿ ಅದರ ಪಾಲೂ ಇದೆ. ಜಪಾನಿನ ಫೋಸ್ಟೆಕ್ಸ್ ಟಿಎಚ್900ರ ಮರದ ಬಟ್ಟಲಿಗೆ ಉರುಶಿ ಎಂಬ ಮೆರುಗು ಹಚ್ಚುತ್ತಾರೆ. ನೋಡಿದರೆ ನಮ್ಮ ಚನ್ನಪಟ್ಟಣದ ಅರಗಿನ ಹೊಳಪು ನೆನಪಾಗುತ್ತದೆ. ನಮ್ಮದು ಕೀಟದ ಅರಗು, ಅವರದು ಮರದ ರಸ. ಕೆಲವು ದೊಡ್ಡ ಹೆಡ್‌ಫೋನುಗಳು 600 ಗ್ರಾಂ ದಾಟುತ್ತವೆ, ಆಡೇಜ್ ಎಲ್‌ಸಿಡಿ ಎಕ್ಸ್‌ಸಿ ಅಂಥದ್ದು. ಇಪ್ಪತ್ತು ನಿಮಿಷ ಅದ್ಭುತ. ಒಂದು ಪೂರ್ಣ ರಾಗ, ತಾನ, ಪಲ್ಲವಿ ಕೇಳುವ ಹೊತ್ತಿಗೆ ಕತ್ತು ತನ್ನ ಮಾತು ಹೇಳತೊಡಗುತ್ತದೆ.

ನೀವೇ ಹೋಲಿಸುವುದಾದರೆ ಒಂದು ಎಚ್ಚರ ಬಹಳ ಮುಖ್ಯ, ಎರಡರ ಜೋರನ್ನೂ ಸಮ ಮಾಡಿಕೊಳ್ಳಬೇಕು. ಕಿವಿಗೆ ಜೋರಾದದ್ದೇ ಚೆನ್ನಾಗಿ ಕೇಳಿಸುತ್ತದೆ. ಮೆಲುವಾದಂತೆಲ್ಲ ಮಂದ್ರವೇ ಮೊದಲು ಕುಗ್ಗಿದಂತೆ ಅನ್ನಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದರು. ಒಂದು ಹೆಡ್‌ಫೋನ್ ತೆಗೆದು ಇನ್ನೊಂದು ಹಾಕುವಷ್ಟರಲ್ಲಿ ಮೊದಲಿನದರ ನಾದ ನೆನಪಿನಿಂದ ಜಾರಿರುತ್ತದೆ. ಅದಕ್ಕೆ ಅಂಗಡಿಯ ಐದು ನಿಮಿಷದಲ್ಲಿ ನನಗೆ ನಂಬಿಕೆ ಇಲ್ಲ. ಗೆಳೆಯರಿಂದ ಎರವಲು ತಂದು ಎರಡು ದಿನ ಒಂದನ್ನೇ ಹಾಕಿ, ಮೂರನೆಯ ದಿನ ಇನ್ನೊಂದಕ್ಕೆ ಬದಲಿಸಿ. ಬದಲಿಸಿದ ಮೊದಲ ಹತ್ತು ನಿಮಿಷದಲ್ಲಿ ತೋಚಿದ್ದನ್ನು ಕಾಗದದ ಮೇಲೆ ಬರೆದಿಡಿ.

ಮುಚ್ಚಿದ ಹೆಡ್‌ಫೋನಿನ ದೊಡ್ಡ ಉಪಕಾರ ಇನ್ನೊಂದಿದೆ. ಡಿಟಿ 770 ಹೊರಗಿನ ಸದ್ದನ್ನು ಸುಮಾರು 18 ಡೆಸಿಬೆಲ್ ತಗ್ಗಿಸುತ್ತದೆ ಎನ್ನುತ್ತಾರೆ ತಯಾರಕರು. ಬಸ್ಸಿನ ಎಂಜಿನ್ನಿನ ಗುರುಗುಟ್ಟುವಿಕೆಯ ಮುಂದೆ ಈ ಬಟ್ಟಲುಗಳು ಹೆಚ್ಚೇನೂ ಮಾಡಲಾರವು, ಮಾತು, ಪಾತ್ರೆ, ಹಾರ್ನ್ ಇವನ್ನು ಚೆನ್ನಾಗಿ ತಡೆಯುತ್ತವೆ. ಸುತ್ತಲಿನದು ತಗ್ಗಿದರೆ ನಾವು ಜೋರನ್ನು ಏರಿಸಬೇಕಿಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ, ಸರಾಸರಿ 80 ಡೆಸಿಬೆಲ್ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. 3 ಡೆಸಿಬೆಲ್ ಏರಿಸಿದರೆ ಆ 40 ಗಂಟೆ 20 ಆಗುತ್ತದೆ, ಇನ್ನೊಂದು 3 ಏರಿಸಿದರೆ 10. ಆದರೆ ಪ್ಯಾಡು ಸೋರುತ್ತಿದ್ದರೆ ಈ ಉಪಕಾರವೂ ಸೋರಿಹೋಗುತ್ತದೆ. ಮಂದ್ರ ಸಾಲದೆಂದು ಏರಿಸುತ್ತೇವೆ, ಹೊರಗಿನ ಸದ್ದು ನುಗ್ಗಿತೆಂದು ಇನ್ನಷ್ಟು ಏರಿಸುತ್ತೇವೆ. ನನ್ನ ವಯಸ್ಸಿನ ಎಷ್ಟೋ ಸಹೋದ್ಯೋಗಿಗಳ ಕಿವಿ ತಾರಸ್ಥಾಯಿಯನ್ನು ಕಳೆದುಕೊಂಡಿದೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ನಿವೃತ್ತ ವೀಣಾ ಶಿಕ್ಷಕಿಯೊಬ್ಬರು ಎದ್ದು ನಿಂತರು. ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಮಕ್ಕಳಿಗೆ ಆನ್‌ಲೈನಿನಲ್ಲಿ ಪಾಠ ಹೇಳುತ್ತಾರಂತೆ. "ಬೆಳಗಿನ ಜಾವ ಮೂರು ಗಂಟೆ ಹೊತ್ತು ಕೂರುತ್ತೇನೆ. ಕನ್ನಡಕ ಬೇಕೇ ಬೇಕು, ಓಲೆ ತೆಗೆಯುವುದಿಲ್ಲ. ಮಕ್ಕಳು ಅನುಮಂದ್ರ ಮುಟ್ಟಿದರೋ ಇಲ್ಲವೋ ತಿಳಿಯುವುದೇ ಇಲ್ಲ. ನನಗೆ ಯಾವುದು?" ಎಂದು ಕೇಳಿದರು.

ಮೂರು ಮನೆ ಶ್ರುತಿಯ ವೀಣೆಯಲ್ಲಿ ಅನುಮಂದ್ರದ, ಅಂದರೆ ಮಂದ್ರಕ್ಕೂ ಕೆಳಗಿನ ಸ್ಥಾಯಿಯ, ಪಂಚಮ ಸುಮಾರು 62 ಹರ್ಟ್ಸ್. ಪ್ಯಾಡು ಸೋರಿದರೆ ಮೊದಲು ಹೋಗುವುದು ಅದೇ. ಮಕ್ಕಳ ಕಡೆಯ ಮೊಬೈಲಿನ ಮೈಕು ಅದನ್ನು ಹಿಡಿಯದೆ ಬಿಟ್ಟಿರುವುದೂ ಉಂಟು ಎಂದು ಹೇಳಿದೆ. ಮೊದಲು ನಾನೇ ಮುದ್ರಿಸಿಕೊಂಡಿದ್ದ ವೀಣೆಯನ್ನು ಕೇಳಿಸೋಣ ಎಂದು, "ಬನ್ನಿ ಅಮ್ಮಾ" ಎಂದು ಕುರ್ಚಿ ಎಳೆದೆ. ಕೆ371 ಹಾಕಿಕೊಂಡರು. ತಲೆಯಾಡಿಸಿದರು, ಇಲ್ಲ ಎಂದು. ಎರಡೂ ಬಟ್ಟಲನ್ನು ಒತ್ತಲು ಹೇಳಿದೆ. ಕಣ್ಣರಳಿತು. ಕೈ ಬಿಟ್ಟರು, ಮತ್ತೆ ಇಲ್ಲ. ಡಿಟಿ 770 ಕೊಟ್ಟೆ. ಓಲೆ ಮಖಮಲ್ಲಿನಲ್ಲಿ ಹುದುಗಿತು, ಕನ್ನಡಕದ ಕಡ್ಡಿಯನ್ನು ಅವರೇ ಒಂದು ನೂಲಿನಷ್ಟು ಮೇಲೆತ್ತಿ ಪ್ಯಾಡು ಕೂರಿಸಿಕೊಂಡರು. ಆಮೇಲೆ ಏನೂ ಹೇಳಲಿಲ್ಲ. ಬಲಗೈಯ ಕಿರುಬೆರಳು ಸೀರೆಯ ನೆರಿಗೆಯ ಮೇಲೆ ತಾಳದ ತಂತಿಯನ್ನು ಮೀಟತೊಡಗಿತು. ಹುಡುಗರು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ ಮುಗಿಸಿದರು, ಒಂದನ್ನು ಮಾತ್ರ ಬಿಟ್ಟು.